ಉಂಗುರದ ಜಗಳ

ಸಿಟ್ಟು ಬಂದಾಗ ಅವರು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಒರೆಸಿ ಮುಗಿಯುವವರೆಗೆ ಮಾತಿಲ್ಲ. ಕನ್ನಡಕ ಮೂಗಿನಿಂದ ಕೆಳಗಿಳಿದ ಕೂಡಲೇ ಮುಂದಿನ ಬೆಂಚಿನ ಹುಡುಗಿಯರು ಪುಸ್ತಕದೊಳಗೆ ತಲೆ ಹುದುಗಿಸುತ್ತಿದ್ದರಂತೆ. ಸ್ಟಾಫ್ ರೂಮಿನಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ಒಮ್ಮೆ ಪ್ರಿನ್ಸಿಪಾಲರೇ ಅರ್ಧ ಹೇಳಿದ ಮಾತನ್ನು ನುಂಗಿಕೊಂಡು ಹೊರಗೆ ಹೋದದ್ದನ್ನು ನೋಡಿದ್ದೇನೆ.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಮಹಿಳಾ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ಅವರು ಭೌತಶಾಸ್ತ್ರ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿಗಳು ಅಕ್ಕಪಕ್ಕ. ಕಿಟಕಿಯಿಂದ ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ನು ಕೇಳುತ್ತಿತ್ತು, ಗಾಳಿ ತಿರುಗಿದ ದಿನ ಊದಿನಕಡ್ಡಿ ಕಾರ್ಖಾನೆಯ ವಾಸನೆ ಬರುತ್ತಿತ್ತು. ಅವರು ಹಾವೇರಿಯ ಕಡೆಯವರು. ಅತ್ತಿಗುಪ್ಪೆಯಲ್ಲಿ ಒಂದು ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಅವರ ಊರಿನಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರ ಎನ್ನುತ್ತಾರಂತೆ, ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಹುಡುಗಿಯರ ಬಾಯಲ್ಲಿ ಮಾತ್ರ ಅವರು ಗ್ಯಾಲಕ್ಸಿ ಮಿಸ್. ಯಾವ ಪಾಠ ಹಿಡಿದರೂ, ಅದು ಬೆಳಕಾಗಲಿ ಶಾಖವಾಗಲಿ, ಗಂಟೆ ಹೊಡೆಯುವ ಹೊತ್ತಿಗೆ ಅವರು ಗ್ಯಾಲಕ್ಸಿಗೆ ಬಂದು ನಿಂತಿರುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಿಜಯನಗರದ ಮಾರ್ಕೆಟ್ಟಿನಲ್ಲಿ. ಹಳೆಯ ವಿದ್ಯಾರ್ಥಿನಿ, ಈಗ ತಾನೂ ಅಜ್ಜಿಯಾಗಿರುವವಳು, ಸೊಪ್ಪು ಆರಿಸುತ್ತಿದ್ದವಳು ನನ್ನನ್ನು ಗುರುತು ಹಿಡಿದು, "ಮಿಸ್, ನಮ್ಮ ಗ್ಯಾಲಕ್ಸಿ ಮಿಸ್ ಹೋಗ್ಬಿಟ್ರಂತೆ ಕಣ್ರೀ, ಹಾವೇರೀಲಿ. ಆಗಲೇ ಎರಡು ತಿಂಗಳಾಯ್ತಂತೆ" ಎಂದಳು. ನಾನು ಆರಿಸಿದ್ದ ದಂಟಿನ ಸೊಪ್ಪಿನ ಕಟ್ಟನ್ನು ಮತ್ತೆ ರಾಶಿಯ ಮೇಲಿಟ್ಟೆ. ರಿಟೈರಾಗಿ ಊರಿಗೆ ಹೋದ ಮೇಲೆ ಅವರು ನನ್ನನ್ನು ಕಾಣಲು ಬಂದಿರಲಿಲ್ಲ. ನಾನೂ ಹೋಗಿರಲಿಲ್ಲ.

ಅವರನ್ನು ನೆನೆದಾಗ ಮೊದಲು ಕೇಳಿಸುವುದು ಅವರ ಮಾತು. ಗ್ಯಾಲಕ್ಸಿಯ ಬಗ್ಗೆ ಕನ್ನಡದಲ್ಲೇ ಹೇಳಬೇಕೆಂಬ ಹಟ ಅವರಿಗಿತ್ತು. ಅದಕ್ಕಾಗಿ ಊಟದ ಹೊತ್ತಿನಲ್ಲಿ ನನ್ನ ಬಳಿ ಪದ ಕೇಳುತ್ತಿದ್ದರು. ಡಿಸ್ಕ್ ಎನ್ನುವುದಕ್ಕೆ ನಾನು ಮಂಡಲ ಎಂದೆ.

"ಬ್ಯಾಡ್ರೀ ಅಕ್ಕಾರ. ಮಂಡಲ ಅಂದ್ರ ಕೈಮುಗೀಬೇಕು ಅನಸ್ತೈತಿ."

"ಬಿಂಬ?"

"ಕನ್ನಡಿ ನೆನಪಾಕ್ಕೈತಿ."

ಕೊನೆಗೆ ತಟ್ಟೆ ಎನ್ನುವುದು ಗಟ್ಟಿಯಾಯಿತು. ಗೃಹವಿಜ್ಞಾನದ ಮೇಡಂ ಅಲ್ಲೇ ಡಬ್ಬಿ ಬಿಚ್ಚುತ್ತಿದ್ದವರು ಕೇಳಿದರು. "ಅಲ್ಲಾರೀ, ಅಷ್ಟು ದೊಡ್ಡದನ್ನ ತಟ್ಟೆ ಥರ ಚಪ್ಪಟೆ ಮಾಡಿದ್ದು ಯಾರು? ಮೇಲಿಂದ ಯಾರಾದ್ರೂ ಒತ್ತಿದ್ರಾ?"

ಇವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಕೆಳಗಿಟ್ಟರು. ಮೊದಲು ಅದೊಂದು ದೊಡ್ಡ ಅನಿಲದ ಮೋಡ ಎಂದು ಶುರುಮಾಡಿದರು. ಅದು ನಿಧಾನವಾಗಿ ತಿರುಗುತ್ತಿರುತ್ತದೆ, ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ಕುಗ್ಗಿದಷ್ಟೂ ಜೋರಾಗಿ ತಿರುಗುತ್ತದೆ. ಆ ತಿರುಗಾಟವೇ ಅಂಚಿನಲ್ಲಿರುವುದನ್ನು ನಡುವಿಗೆ ಬೀಳದ ಹಾಗೆ ತಡೆಯುತ್ತದೆ. ಮೇಲಿನದನ್ನೂ ಕೆಳಗಿನದನ್ನೂ ತಡೆಯುವುದಕ್ಕೆ ಮಾತ್ರ ಏನೂ ಇಲ್ಲ. ಅದು ಬಂದು ನಡುವಿನ ಮಟ್ಟಕ್ಕೆ ಬೀಳುತ್ತದೆ. "ಯಾರೂ ಒತ್ತಿಲ್ರೀ. ಅಡ್ಡಿ ಇಲ್ಲದ ಕಡೆ ಬಿದ್ದೈತಿ, ಅಷ್ಟ."

ಗೃಹವಿಜ್ಞಾನದ ಮೇಡಂ, "ಇಷ್ಟೇನಾ?" ಎಂದರು.

"ಇಷ್ಟ ತಿಳಿಯಾಕ ನನಗ ಮೂರು ವರ್ಷ ಬೇಕಾತು" ಎಂದು ಇವರು ಮತ್ತೆ ರೊಟ್ಟಿ ಎತ್ತಿಕೊಂಡರು.

ಆ ಮೂರು ವರ್ಷಗಳ ಬಗ್ಗೆ ನಮಗೆ ಗೊತ್ತಿದ್ದದ್ದು ಸ್ವಲ್ಪವೇ. ಅರವತ್ತರ ದಶಕದಲ್ಲಿ ಅವರು ನಗರದ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿದ್ದರು, ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದರು, ತಂದೆಗೆ ಕಾಯಿಲೆಯಾಗಿ ನಡುವೆಯೇ ಬಿಟ್ಟರು. ಅವರೇ ಹಾಗೆ ಹೇಳಿದ್ದರು. ನಾವು ಅಯ್ಯೋ ಎಂದಿದ್ದೆವು. ಆಗಿನ ಹೆಣ್ಣುಮಕ್ಕಳಲ್ಲಿ ಹೀಗೆ ಏನಾದರೊಂದನ್ನು ನಡುವೆ ಬಿಟ್ಟವರೇ ಹೆಚ್ಚಾದ್ದರಿಂದ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಒಂದು ದೀಪಾವಳಿಯ ರಜೆಯಲ್ಲಿ ನಾನು ಅತ್ತಿಗುಪ್ಪೆಯ ಅವರ ಮನೆಗೆ ಹೋದಾಗ ತಂದೆಯೇ ಬಾಗಿಲು ತೆಗೆದರು. ಎತ್ತರದ ಆಳು, ಬಿಳಿ ಮೀಸೆ, ಹಣೆಯ ತುಂಬ ವಿಭೂತಿ. ಜೋಳದ ಹಿಟ್ಟಿನ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರಂತೆ.

"ಈಗ ಆರೋಗ್ಯ ಹೇಗಿದೆ?" ಎಂದು ಕೇಳಿದೆ.

"ನನಗೇನಾಗೇತ್ರೀ? ಕಲ್ಲಿನಂಗ ಅದೀನಿ. ಹುಟ್ಟಿದಾಗಿಂದ ಒಂದು ಗುಳಿಗಿ ನುಂಗಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮೇಡಂ ಚಹಾ, ಕರದಂಟು ತಂದರು, ನನ್ನ ಮುಖ ನೋಡಲಿಲ್ಲ. ನಾನು ಮಾತನ್ನು ಕರದಂಟಿನ ಕಡೆಗೆ ತಿರುಗಿಸಿದೆ.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿದರೆ ಅವರು ಬಸ್ಸು ಹಿಡಿದು ತಮ್ಮ ಹಳೆಯ ಸಂಸ್ಥೆಯ ಲೈಬ್ರರಿಗೆ ಹೋಗುತ್ತಿದ್ದರು. ಹಳೆಯ ಪರಿಚಯದ ಮೇಲೆ ಒಳಗೆ ಬಿಡುತ್ತಿದ್ದರಂತೆ. ವಿದೇಶದ ಪತ್ರಿಕೆಗಳು ಹಡಗಿನಲ್ಲಿ ಬಂದು ಸೇರುವ ಹೊತ್ತಿಗೆ ಹಳೆಯವಾಗಿರುತ್ತಿದ್ದವು, ಆದರೂ ಬಿಡುತ್ತಿರಲಿಲ್ಲ. ಅಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ಮೇಷ್ಟರನ್ನಾಗಲಿ ಹಳೆಯ ಗೆಳೆಯರನ್ನಾಗಲಿ ಕಾಣದೆ, ಪಕ್ಕದ ಬಾಗಿಲಿಂದ ಹೋಗಿ ಪಕ್ಕದ ಬಾಗಿಲಿಂದಲೇ ಬರುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದ ವರ್ಷ, ಅಂಥ ಒಂದು ಶನಿವಾರ ಕಳೆದ ಸೋಮವಾರ, ಅವರು ಸ್ಟಾಫ್ ರೂಮಿಗೆ ಬಂದವರು ಯಾರೊಡನೆಯೂ ಮಾತಾಡಲಿಲ್ಲ. ಕನ್ನಡಕವನ್ನೂ ಒರೆಸಲಿಲ್ಲ. ನಾನು ಏನಾಯಿತೆಂದು ಕೇಳಿದ್ದಕ್ಕೆ, "ಒಂದು ಲೇಖನ ಓದಿದೆ" ಎಂದರು ಅಷ್ಟೇ.

ಆ ವಾರವೇ ಅವರು ಹುಡುಗಿಯರನ್ನು ಮೈದಾನಕ್ಕೆ ಇಳಿಸಿದರು.

ನನ್ನನ್ನು ಬೆಳಿಗ್ಗೆಯೇ ಕಾಲೇಜಿನ ತಾರಸಿಗೆ ಹತ್ತಿಸಿದ್ದರು. "ಮ್ಯಾಲಿಂದ ನೋಡಿ ಹೇಳ್ರಿ, ಉಂಗುರ ಕಾಣತೈತೋ ಇಲ್ಲೋ" ಎಂದಿದ್ದರು. ಕೆಳಗೆ ಎರಡು ಸೆಕ್ಷನ್ನಿನ ಹುಡುಗಿಯರು ಒಂದರ ಸುತ್ತ ಒಂದು ವೃತ್ತವಾಗಿ, ನಡುವಿಗೆ ಮುಖ ಮಾಡಿ ನಿಂತಿದ್ದರು. ಲಂಗ ದಾವಣಿಗಳು, ಸೀರೆಗಳು, ಎಲ್ಲ ಸೇರಿ ಬಣ್ಣದ ದೊಡ್ಡ ತಟ್ಟೆ. ನಡುವೆ ಅವರು, ಬಾಯಲ್ಲಿ ಆಟದ ಮಿಸ್ಸಿನಿಂದ ಎರವಲು ತಂದ ಸೀಟಿ.

"ನೀವೆಲ್ಲ ನಕ್ಷತ್ರ. ಈಗ ಮ್ಯಾಲಿಂದ ಇನ್ನೊಂದು ಗ್ಯಾಲಕ್ಸಿ ಬಂದು ನಟ್ಟನಡುವ ತೂರಿಕೊಂಡು ಹೋತು ಅಂತ ತಿಳ್ಕೊಳ್ರಿ. ಅದು ಹತ್ರ ಇದ್ದಾಗ ಎಲ್ಲಾರನ್ನೂ ಒಳಗ ಎಳೀತೈತಿ. ಹೋದ ಮ್ಯಾಲೆ ನೀವು ಹೊರಗ ಬರ್ತೀರಿ. ನಡುವಿನವರು ಲಗೂನ, ಅಂಚಿನವರು ಸಾವಕಾಶ. ತಿಳೀತೇನು?"

"ತಿಳೀತು ಮಿಸ್" ಎಂದವು ನಕ್ಷತ್ರಗಳು.

ಮೊದಲ ಸಲ ಏನೂ ತಿಳಿದಿರಲಿಲ್ಲ. ಸೀಟಿ ಹೊಡೆದದ್ದೇ ತಡ ಎಲ್ಲರೂ ಒಳಕ್ಕೆ ನುಗ್ಗಿ, ತಲೆಗೆ ತಲೆ ತಾಗಿ, ಒಬ್ಬಳ ಚಪ್ಪಲಿ ಕಿತ್ತು, ನಗು ಮುಗಿಲು ಮುಟ್ಟಿತು. ಎದುರಿನ ವರ್ಕ್‌ಷಾಪಿನವರು ಕಾಂಪೌಂಡಿನ ಮೇಲೆ ಗಲ್ಲ ಊರಿ ನೋಡುತ್ತಿದ್ದರು. ಪ್ರಿನ್ಸಿಪಾಲರು ಹೊರಗೆ ಬಂದು, "ಏನ್ ಮೇಡಂ ಇದು, ಖೋ ಖೋನಾ?" ಎಂದರು. "ಗುರುತ್ವಾಕರ್ಷಣ ಸರ್" ಎಂದು ಹೇಳಿ ಇವರು ಮತ್ತೆ ಎಲ್ಲರನ್ನೂ ನಿಲ್ಲಿಸಿದರು. ಪ್ರತಿ ವೃತ್ತಕ್ಕೂ ಬೇರೆ ಬೇರೆ ತಾಳ ಕಲಿಸಿದರು.

ಮತ್ತೆ ಸೀಟಿ. ಈ ಸಲ ನಾನು ಕಂಡೆ. ಒಳಗಿನ ವೃತ್ತದವರು ಹಿಂದಕ್ಕೆ ಬರುವಾಗ ಅದರಾಚೆಯವರು ಇನ್ನೂ ಒಳಗೆ ಬರುತ್ತಿದ್ದರು. ಇಬ್ಬರೂ ಸೇರುವಲ್ಲಿ ಒಂದು ಗುಂಪು, ದಟ್ಟವಾದ ಒಂದು ಬಳೆ. ಮರುಕ್ಷಣ ಆ ಬಳೆ ಅಲ್ಲಿರಲಿಲ್ಲ, ಅದರ ಹೊರಗಿನ ಸುತ್ತಿನಲ್ಲಿತ್ತು. ಆಮೇಲೆ ಅದರ ಹೊರಗೆ. ನಡುವಿನಿಂದ ಅಂಚಿನವರೆಗೆ ಅದು ಹಿಗ್ಗುತ್ತ ಹೋಯಿತು. ವಿಚಿತ್ರವೆಂದರೆ ಯಾವ ಹುಡುಗಿಯೂ ಅಷ್ಟು ದೂರ ಹೋಗಿರಲಿಲ್ಲ, ತಮ್ಮ ಜಾಗದಲ್ಲೇ ಒಂದೆರಡು ಹೆಜ್ಜೆ ಹಿಂದೆ ಮುಂದೆ ಆಗಿದ್ದರು ಅಷ್ಟೇ. ಹೋದದ್ದು ಉಂಗುರ ಮಾತ್ರ.

"ಕಂಡಿತೇನ್ರೀ ಅಕ್ಕಾರ?" ಎಂದು ಕೆಳಗಿನಿಂದ ಕೂಗಿದರು.

"ಕಂಡಿತು, ಕಂಡಿತು!"

"ಹೊರಗ ಹೋತೇನು?"

"ಗೋಡೆವರೆಗೂ ಹೋಯಿತು ರೀ!"

ಅವರು ಸೀಟಿಯನ್ನು ಲೀಡರ್ ಹುಡುಗಿಗೆ ಕೊಟ್ಟು, ತಾವೂ ನೋಡಬೇಕೆಂದು ಮೆಟ್ಟಿಲು ಹತ್ತಿ ಓಡಿಬಂದರು. ಏದುಸಿರು ಬಿಡುತ್ತ ತಾರಸಿಯ ಅಂಚಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗಿಯರು ಬಾಟನಿ ಕ್ಲಾಸಿಗೆ ಚದುರಿದರು. ಅವರು ಖಾಲಿ ಮೈದಾನವನ್ನು ನೋಡುತ್ತ ನಿಂತರು.

"ಎಷ್ಟು ಚೆನ್ನಾಗಿ ಹೊಳೀತು ರೀ ನಿಮಗೆ" ಎಂದೆ.

"ಇದು ನನಗ ಹೊಳೆದದ್ದಲ್ರೀ. ನನ್ನನ್ನ ಸೋಲಿಸಿದ್ದು."

ಅಲ್ಲಿಯೇ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತು ಅವರು ಹೇಳಿದರು. ಕೆಲವು ಗ್ಯಾಲಕ್ಸಿಗಳಿಗೆ ಉಂಗುರವಿರುತ್ತದೆ. ಅದು ಹೇಗೆ ಬಂತೆಂಬ ಬಗ್ಗೆ ಸಂಸ್ಥೆಯಲ್ಲಿ ಪ್ರತಿ ಸಂಜೆ ಚಹಾದ ಹೊತ್ತಿಗೆ ವಾದ ನಡೆಯುತ್ತಿತ್ತಂತೆ. ಹೊರಗಿನಿಂದ ಏನೋ ಬಂದು ಹೊಡೆದಿರಬೇಕು ಎನ್ನುವುದು ಅವರ ಮೇಷ್ಟರ ವಾದ. ಯಾರೂ ಹೊಡೆಯಬೇಕಾಗಿಲ್ಲ, ತಟ್ಟೆಯು ತಿರುಗುವ ರೀತಿಯಿಂದಲೇ ಒಳಗಿನಿಂದ ಉಂಗುರ ಕೂಡಿಕೊಳ್ಳಬಹುದು ಎನ್ನುವುದು ಇವರದು. ಒಂದು ಸಂಜೆ ಇವರು ಬೋರ್ಡಿನ ಮುಂದೆ ನಿಂತು ಬಿಡದೆ ವಾದಿಸಿದರು. ಮೇಷ್ಟರು ಚಹಾದ ಲೋಟ ಕೆಳಗಿಟ್ಟು, "ಉಂಗುರದ ಮೇಲೆ ಅಷ್ಟೊಂದು ಆಸೆ ಇದ್ರೆ ಮದುವೆ ಮಾಡ್ಕೊಳಮ್ಮ, ಇಲ್ಲಿ ಯಾಕೆ ಕೂತಿದೀಯಾ?" ಎಂದರಂತೆ.

"ಎಲ್ಲಾರೂ ನಕ್ಕರು. ನಾನೂ ನಕ್ಕೆ. ಅದ ನನಗ ಇನ್ನೂ ಚುಚ್ಚತೈತ್ರೀ, ನಾನೂ ನಕ್ಕೆ ಅನ್ನೋದು. ಮರುದಿನ ಹೋಗಿ ಅಪ್ಪಗ ಆರಾಮಿಲ್ಲ, ಊರಿಗೆ ಹೊಂಟೀನಿ ಅಂದೆ. ಆಗಲಿ ಅಂದ್ರು."

"ಆಮೇಲೆ?"

"ಕರೀತಾರ ಅಂದ್ಕೊಂಡಿದ್ದೆ. ತಪ್ಪಾತು ಬಾ ಅಂತಾರ ಅಂತ. ಒಂದು ವರ್ಷ ಹಾದಿ ನೋಡಿದೆ. ಆಮ್ಯಾಲೆ ಈ ಕೆಲಸ ಸಿಕ್ಕಿತು."

ಈಗ ಹೊರದೇಶದಲ್ಲಿ ಕಂಪ್ಯೂಟರಿನಿಂದ ಲೆಕ್ಕ ಹಾಕಿ ನೋಡಿದ್ದಾರೆ, ಒಂದು ಗ್ಯಾಲಕ್ಸಿ ಇನ್ನೊಂದರ ನಡುವೆ ತೂರಿ ಹೋದರೆ ಥೇಟ್ ಅಂಥದೇ ಉಂಗುರ ಮೂಡುತ್ತದೆ ಎಂದರು. ಶನಿವಾರ ಓದಿದ್ದು ಅದನ್ನೇ. "ಅವರು ಅಂದದ್ದ ಖರೆ ಆತು. ಖರೆ ಆದದ್ದನ್ನ ಹುಡುಗ್ಯಾರಿಗೆ ಹೇಳಬೇಕಲ್ರೀ."

ಅವರ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಇಂದಿಗೂ ಹಾಗೆಯೇ ಇದೆ. ತಮ್ಮನ್ನು ಸೋಲಿಸಿದ ವಿಚಾರವನ್ನು ಸೀಟಿ ಊದಿ ಮೆರವಣಿಗೆ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದರೆ ಮೇಷ್ಟರು ಅಂದಿದ್ದ ಆ ಮಾತನ್ನು ಅವರು ಮರೆತಿರಲಿಲ್ಲ. ಮೇಷ್ಟರನ್ನು ಒಮ್ಮೆ ಕಂಡು ಬನ್ನಿ ಎಂದು ನಾನು ಹೇಳತೊಡಗಿದೆ. "ಹೋಗ್ತೀನಿ. ನೀವು ಅಂದದ್ದು ಖರೆ ಅಂತ ನಾನು ಹೇಳ್ತೀನಿ. ಆವತ್ತು ಹಂಗ ಅಂದದ್ದು ತಪ್ಪಾತು ಅಂತ ಅವರು ಹೇಳಬೇಕು" ಎನ್ನುತ್ತಿದ್ದರು. ಪರೀಕ್ಷೆ ಮುಗಿಯಲಿ ಎಂದರು. ಪೇಪರ್ ತಿದ್ದುವುದು ಮುಗಿಯಲಿ ಎಂದರು. ಅಷ್ಟರಲ್ಲಿ ಮೇಷ್ಟರು ರಿಟೈರಾಗಿ ಕೆಂಗೇರಿಯ ಹತ್ತಿರ ಮನೆ ಕಟ್ಟಿಕೊಂಡರು ಎಂಬ ಸುದ್ದಿ ಬಂತು. ಕೊನೆಗೊಂದು ಭಾನುವಾರ ನಾನೂ ಜೊತೆಗೆ ಹೊರಟೆ.

ಇಳಕಲ್ ಸೀರೆ ಉಟ್ಟಿದ್ದರು. ಮೈಸೂರು ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಒಂದೇ ಸಮನೆ ತುಟಿ ಅಲ್ಲಾಡಿಸುತ್ತಿದ್ದರು. ಹೇಳಬೇಕಾದ್ದನ್ನು ಹೇಳಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಆಗ ಕೆಂಗೇರಿಗೆ ಹೋಗುವುದೆಂದರೆ ಊರು ಬಿಟ್ಟು ಹೋದಂತೆಯೇ. ದಾರಿಯಲ್ಲಿ ಗದ್ದೆಗಳಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ಮೇಷ್ಟರ ಮನೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಅವರು ಬನಿಯನ್ನು ಹಾಕಿಕೊಂಡು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ನಮ್ಮನ್ನು ನೋಡಿ ಕಣ್ಣು ಕಿರಿದು ಮಾಡಿದರು. ಮರುಗಳಿಗೆ ಮುಖ ಅರಳಿತು.

"ಅರೆ! ಬಾಮ್ಮಾ, ಬಾ! ಲೇ, ಯಾರು ಬಂದಿದಾರೆ ನೋಡೇ! ನಾನು ಹೇಳ್ತಿರ್ತೀನಲ್ಲ, ಹಾವೇರಿ ಹುಡುಗಿ, ನಮ್ಮ ಗುಂಪಿಗೆಲ್ಲ ಜಾಣೆ ಅಂತ. ಇವಳೇ."

ಅವರ ಹೆಂಡತಿ ಉಪ್ಪಿಟ್ಟು ತಂದುಕೊಟ್ಟರು. ಮೇಷ್ಟರು ಷರಟು ಹಾಕಿಕೊಂಡು ಬಂದು ಕೂತು, "ತಂದೆ ಹೇಗಿದಾರಮ್ಮ?" ಎಂದು ಕೇಳಿದರು.

"ಅದಾರ್ರೀ ಸರ್. ಆರಾಮ ಅದಾರ" ಎಂದು ಇವರು ಹೇಳಿದ್ದು ನನಗೇ ಸರಿಯಾಗಿ ಕೇಳಲಿಲ್ಲ.

"ಸದ್ಯ! ಅವರಿಗೋಸ್ಕರ ಎಲ್ಲ ಬಿಟ್ಟು ಹೋದೆಯಲ್ಲ. ಎಷ್ಟು ಸಲ ಕರೆಸೋಣ ಅಂದ್ಕೊಂಡೆ ಗೊತ್ತಾ? ಜಾಗ ಬೇರೆ ಖಾಲಿ ಇತ್ತು. ಪಾಪ, ಹಾಸಿಗೆ ಹಿಡಿದ ತಂದೇನ ಬಿಟ್ಟು ಬಾ ಅಂತ ಹೇಗೆ ಹೇಳೋದು ಅಂತ ಸುಮ್ಮನಾದೆ. ಇವಳೂ ಬೇಡ ಅಂದ್ಲು."

ಇವರು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತಿನ ಅರ್ಧ ಭಾಗ ಹೊರಬಂತು. "ಸರ್, ಉಂಗುರದ ವಿಷಯ. ನೀವು ಹೇಳಿದ್ದ ಖರೆ ಆತ್ರಿ. ನಾ ಓದಿದೆ."

"ಯಾವುದು, ಆ ಡಿಕ್ಕಿ ಹೊಡೆಯೋದಾ? ಹೌದು ಹೌದು, ಚೆನ್ನಾಗಿ ಮಾಡಿದಾರೆ. ಆದ್ರೆ ಎಲ್ಲ ಉಂಗುರಾನೂ ಹಾಗೆ ಬರೋದಲ್ಲಮ್ಮ. ನಡುವೆ ಕೋಲಿನ ಥರ ಇರೋ ಗ್ಯಾಲಕ್ಸಿಗಳಿವೆಯಲ್ಲ, ಅವುಗಳಲ್ಲಿ ಆ ಕೋಲು ತಿರುಗ್ತಾ ತಿರುಗ್ತಾ ಅನಿಲಾನ ತಳ್ಳಿ ತಳ್ಳಿ ಒಂದು ಕಡೆ ಕೂಡಿಸುತ್ತೆ ಅಂತಿದಾರೆ ಈಗ. ಹೊರಗಿಂದ ಯಾರೂ ಬರಬೇಕಾಗಿಲ್ಲ. ಅದೂ ಉಂಗುರಾನೇ." ಅವರು ಇವರನ್ನು ದಿಟ್ಟಿಸಿದರು. "ನೀನು ಆಗ ಹೇಳ್ತಿದ್ದಿದ್ದು ಅದನ್ನೇ ಅಲ್ವೇನಮ್ಮ? ಮುಂದುವರಿಸಿದೀಯಾ?"

"ಇಲ್ರಿ ಸರ್."

"ಛೆ."

ನಾನು ತಡೆಯಲಾರದೆ ಬಾಯಿ ಹಾಕಿದೆ. ಆ ಸಂಜೆ ನಿಮ್ಮಿಬ್ಬರಿಗೂ ಜಗಳವಾಗಿತ್ತಂತಲ್ಲ ಎಂದೆ. ಮೇಷ್ಟರು ಹೆಂಡತಿಯ ಮುಖ ನೋಡಿ ನಕ್ಕರು. "ಯಾವ ಸಂಜೆ? ನಾನು ದಿನಾ ಒಬ್ಬರ ಹತ್ರ ಜಗಳ ಆಡ್ತಿದ್ದೆ. ಅದಿಲ್ಲದೆ ಚಹಾ ಇಳೀತಿರಲಿಲ್ಲ. ಮಾರನೇ ದಿನ ಎಲ್ಲರೂ ಬಂದು ಮತ್ತೆ ಶುರು ಮಾಡೋರು." ಆಮೇಲೆ ಇವರ ಕಡೆ ತಿರುಗಿ, ಆತಂಕದಿಂದಲೇ, "ಯಾಕಮ್ಮ, ನಾನೇನಾದ್ರೂ ಅಂದಿದ್ನಾ?" ಎಂದರು.

ಇವರು ಇಷ್ಟು ವರ್ಷ ಹಾದಿ ನೋಡಿದ ಗಳಿಗೆ ಅದೇ ಆಗಿತ್ತು.

"ಏನಿಲ್ರಿ ಸರ್" ಎಂದರು ಇವರು. "ಏನೂ ಅಂದಿಲ್ಲ."

ಹೊರಡುವಾಗ ಮೇಷ್ಟರು ಗೇಟಿನವರೆಗೂ ಬಂದರು. ತಮ್ಮ ಜಾಗದಲ್ಲಿ ಈಗ ತಮ್ಮ ಶಿಷ್ಯನೇ ಇದ್ದಾನೆ, ಅವನಿಗೆ ಒಂದು ಮಾತು ಹೇಳುತ್ತೇನೆ, ಈಗಲೂ ತಡವಾಗಿಲ್ಲ, ಹೋಗಿ ಸೇರು ಎಂದರು. ಇವರು ನೋಡ್ತೀನ್ರಿ ಎಂದು ಬಗ್ಗಿ ನಮಸ್ಕಾರ ಮಾಡಿದರು.

ಬಸ್ ಸ್ಟಾಪಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಒಬ್ಬ ಹೂವಿನವಳಿದ್ದಳು.

"ನೆನಪಿಟ್ಕೊಂಡು, 'ಹೌದು ಅಂದೀನಿ, ಏನೀಗ?' ಅಂದಿದ್ರ ಚಲೋ ಇತ್ರೀ ಅಕ್ಕಾರ. ಮರತವರ ಜೋಡಿ ಹೆಂಗ ಜಗಳಾಡೂದು?"

"ಹೇಳಬಹುದಿತ್ತಲ್ಲ ನೀವು. ಅವರೇ ಕೇಳಿದ್ರಲ್ಲ."

"ಹೇಳಿದ್ರ ಕ್ಷಮಾ ಕೇಳ್ತಿದ್ರು, ಪಾಪ. ಒಳ್ಳೇ ಮನುಷ್ಯ. ಆಮ್ಯಾಲೆ ಅಪ್ಪನ ಜಡ್ಡಿನ ಸುದ್ದೀನೂ ಹೇಳಬೇಕಾಗ್ತಿತ್ತು." ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. "ಆ ಒಂದು ಸುಳ್ಳು ಹೇಳದಿದ್ರ ಕರೀತಿದ್ರು ನೋಡ್ರಿ."

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಶನಿವಾರ ಅವರು ಲೈಬ್ರರಿಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಪಾಠವೇನೋ ಮೊದಲಿನಷ್ಟೇ ಚೆನ್ನಾಗಿ ಮಾಡುತ್ತಿದ್ದರು, ಆದರೆ ಗಂಟೆ ಹೊಡೆಯುವಾಗ ಬೆಳಕಿನ ಪಾಠ ಬೆಳಕಿನಲ್ಲೇ ಮುಗಿಯುತ್ತಿತ್ತು. ಹುಡುಗಿಯರು ಕೇಳಿದರೆ ಸಿಲಬಸ್ಸಿನಲ್ಲಿಲ್ಲ ಎನ್ನುತ್ತಿದ್ದರು. ಮೇಷ್ಟರ ಶಿಷ್ಯ ಕಾಲೇಜಿಗೆ ಫೋನ್ ಮಾಡಿದ್ದನ್ನು ನಾನು ಬಲ್ಲೆ. ಆಫೀಸಿನವನು ಕರೆಯಲು ಬಂದಾಗ ಇವರು ಕ್ಲಾಸಿದೆ ಎಂದು ಹೇಳಿಕಳಿಸಿದರು. ಆಗ ಅವರಿಗೆ ಕ್ಲಾಸಿರಲಿಲ್ಲ.

ನಾನು ಒಂದೇ ಸಲ ಕೇಳಿದೆ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ಯಾಕ್ರೀ ಹೋಗೋದಿಲ್ಲ? ಅವರೇ ಕರೀತಿದಾರೆ. ನಿಮ್ಮ ವಿಚಾರಾನೂ ಸುಳ್ಳಾಗಿಲ್ಲ. ಇನ್ನೇನು ಅಡ್ಡಿ?"

ಅವರು ಸಿಟ್ಟಾಗಬಹುದೆಂದು ನಾನು ಅಂದುಕೊಂಡಿದ್ದೆ. ಆಗಲಿಲ್ಲ. ಸಣ್ಣ ಹುಡುಗಿಗೆ ಲೆಕ್ಕ ಬಿಡಿಸಿ ಹೇಳುವಷ್ಟು ಮೆತ್ತಗೆ ಹೇಳಿದರು.

"ಈಗ ಹೋದ್ರ ಬಾಗಿಲಾ ಮೊದಲಿಂದಾನೂ ತಗದ ಇತ್ತು ಅಂತ ಆಕ್ಕೈತ್ರೀ. ಇಷ್ಟು ವರ್ಷದಾಗ ಯಾವತ್ತ ಬೇಕಾದ್ರೂ ಹೋಗಬಹುದಿತ್ತು, ನಾನ ಹೋಗಲಿಲ್ಲ ಅಂತ. ಅದನ್ನ ದಿನಾ ನೋಡಕೋತ ಅಲ್ಲಿ ಹೆಂಗ ಕುಂದರ್ಲಿ?"